ಟಾಪ್ ಮಾಡೆಲ್ಲೇ ಬೇಕಾ? ಬುಕಿಂಗ್‌ಗೆ ಮೊದಲು ಒಂದು ಲೆಕ್ಕ

"ಕೊಡಿಸೋದಾದ್ರೆ ಟಾಪ್ ಮಾಡೆಲ್ ಕೊಡ್ಸು, ಇಲ್ಲಾಂದ್ರೆ ಬೈಕೇ ಬೇಡ." ಕಳೆದ ತಿಂಗಳು ನಮ್ಮ ಪಕ್ಕದ ಮನೆಯಲ್ಲಿ ಕೇಳಿಬಂದ ಮಾತಿದು. ಹುಡುಗನಿಗೆ ಇಪ್ಪತ್ತೆರಡು ವರ್ಷ, ಹೊಸೂರಿನ ಸಿಪ್ಕಾಟ್‌ನಲ್ಲಿ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಕೆಲಸ. ಅಪ್ಪ ಬಾಗಲೂರು ಕಡೆ ಒಂದೂವರೆ ಎಕರೆಯಲ್ಲಿ ಗುಲಾಬಿ ಬೆಳೆಯುವವರು. ಹೂವಿಗೆ ಬೆಲೆ ಸಿಕ್ಕ ವರ್ಷ ಮನೆಯಲ್ಲಿ ದುಡ್ಡು, ಇಲ್ಲದ ವರ್ಷ ಸಾಲ. ಅವರು ನನ್ನ ಹತ್ತಿರ ಬಂದು, "ಎರಡಕ್ಕೂ ಎಂಜಿನ್ ಒಂದೇ ಅಂತಾರೆ. ಮತ್ಯಾಕೆ ಅರ್ಧ ಲಕ್ಷ ಜಾಸ್ತಿ?" ಅಂತ ಕೇಳಿದರು. ಈ ಪ್ರಶ್ನೆ ಅವರೊಬ್ಬರದ್ದಲ್ಲ. ಗಡಿಯ ಈಚೆಗಿನ ನಮ್ಮ ಎಷ್ಟೋ ಮನೆಗಳದ್ದು. ಅದಕ್ಕೇ ಈ ಬರಹ.

ಹುಡುಗ ಆಸೆಪಟ್ಟದ್ದು ಟಿವಿಎಸ್ ಅಪಾಚೆ ಆರ್‌ಆರ್ 310. ಅದು ನಮ್ಮೂರಲ್ಲೇ ತಯಾರಾಗುವ ಬೈಕು. 1980ರಲ್ಲಿ ಟಿವಿಎಸ್ 50 ಮೊಪೆಡ್ ಹೊರಬಂದ ಹೊಸೂರಿನಿಂದಲೇ 2017ರ ಡಿಸೆಂಬರ್‌ನಲ್ಲಿ ಈ ರೇಸ್ ಬೈಕಿನ ಆಕಾರದ ಗಾಡಿ ಬಂತು. ನಮ್ಮ ಅಕ್ಕಪಕ್ಕದವರು ಕೈಯಾರೆ ಜೋಡಿಸಿದ ಗಾಡಿಯ ಮೇಲೆ ನಮ್ಮ ಹುಡುಗರಿಗೆ ಅಭಿಮಾನ ಇರೋದು ಸಹಜ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಭಿಮಾನ ಬೇರೆ, ಕಂತು ಬೇರೆ.

ಕಾಗದದ ಮೇಲಿನ ವ್ಯತ್ಯಾಸ

2024ರ ಸೆಪ್ಟೆಂಬರ್‌ನಲ್ಲಿ ಈ ಬೈಕು ಹೊಸ ರೂಪದಲ್ಲಿ ಬಂದಾಗ ಬೇಸ್ ಮಾಡೆಲ್‌ನ ಶೋರೂಂ ಬೆಲೆ 2.75 ಲಕ್ಷ ರೂ. ಅದೇ ಕೆಂಪು ಬಣ್ಣದಲ್ಲಿ ಕ್ವಿಕ್‌ಶಿಫ್ಟರ್ ಇರುವುದಕ್ಕೆ 2.92 ಲಕ್ಷ. ಅದರ ಮೇಲೆ ಡೈನಮಿಕ್ ಕಿಟ್ ಅಂದರೆ 18 ಸಾವಿರ, ಡೈನಮಿಕ್ ಪ್ರೋ ಕಿಟ್ ಅಂದರೆ 16 ಸಾವಿರ, ರೇಸ್ ಬಣ್ಣ ಬೇಕೆಂದರೆ ಇನ್ನೂ 7 ಸಾವಿರ. ಎಲ್ಲ ಸೇರಿಸಿದರೆ ಬೇಸ್‌ಗಿಂತ 58 ಸಾವಿರ ಹೆಚ್ಚು. ಎಂಜಿನ್ ಮಾತ್ರ ಎಲ್ಲದರಲ್ಲೂ ಅದೇ 312 ಸಿಸಿ, ಅದೇ 38 ಪಿಎಸ್ ಶಕ್ತಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದು ಬೆಲೆಗಳು ಬದಲಾದವು. ಆದರೆ ಲೆಕ್ಕ ಹಾಕುವ ರೀತಿ ಬದಲಾಗಿಲ್ಲ.

ಆ 58 ಸಾವಿರ ಅಲ್ಲಿಗೇ ನಿಲ್ಲೋದಿಲ್ಲ. ತಮಿಳುನಾಡಿನಲ್ಲಿ ಒಂದು ಲಕ್ಷ ಮೀರಿದ ಹೊಸ ಬೈಕಿಗೆ 2023ರ ನವೆಂಬರ್‌ನಿಂದ ಜೀವಿತಾವಧಿ ತೆರಿಗೆ ಬೆಲೆಯ ಶೇ. 12. ಹೆಚ್ಚುವರಿ ಸಾಮಾನೆಲ್ಲ ಬಿಲ್ಲಿಗೆ ಸೇರಿತೆಂದರೆ ತೆರಿಗೆಯೇ 6,960 ರೂ. ಜಾಸ್ತಿ. ಸುಮಾರು 65 ಸಾವಿರ ಆಯಿತು. ಇದಿಷ್ಟನ್ನೂ ಸಾಲ ಮಾಡಿ, ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯಲ್ಲಿ ಮೂರು ವರ್ಷ ಕಟ್ಟಿದರೆ ತಿಂಗಳ ಕಂತಿಗೆ 2,160 ರೂ. ಸೇರುತ್ತದೆ. ಕೊನೆಗೆ ಕೈಬಿಟ್ಟದ್ದು ಸುಮಾರು 78 ಸಾವಿರ. ಶೋರೂಂ ಹುಡುಗ ಕ್ಯಾಲ್ಕುಲೇಟರ್ ತೋರಿಸಿ "ತಿಂಗಳಿಗೆ ಎರಡು ಸಾವಿರ ಅಷ್ಟೇ ಸಾರ್" ಅನ್ನುತ್ತಾನೆ. 78 ಸಾವಿರ ಅಂತ ಅವನು ಹೇಳೋದಿಲ್ಲ, ನಾವೂ ಕೇಳೋದಿಲ್ಲ.

ಗಡಿಯವರಿಗೆ ಇನ್ನೊಂದು ಕಿರಿಕಿರಿ ಉಂಟು. ಬೊಮ್ಮಸಂದ್ರ, ಜಿಗಣಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಮದುವೆಯಾದ ಮೇಲೆ ಚಂದಾಪುರ, ಅತ್ತಿಬೆಲೆ ಕಡೆ ಮನೆ ಮಾಡುವುದು ಸಾಮಾನ್ಯ. ಟಿಎನ್ 70 ನಂಬರಿನ ಗಾಡಿ ಕರ್ನಾಟಕದಲ್ಲಿ ವರ್ಷ ಮೀರಿ ಉಳಿದರೆ ಅಲ್ಲಿಯ ತೆರಿಗೆ ಕಟ್ಟಬೇಕು. ಅಲ್ಲಿ ಒಂದು ಲಕ್ಷ ಮೀರಿದ ಹೊಸ ಬೈಕಿಗೆ ಶೇ. 18ರ ದರ. ಗಾಡಿ ಹಳೆಯದಾದಂತೆ ಇಳಿಯುತ್ತದೆ ನಿಜ, ಆದರೆ ದುಬಾರಿ ಗಾಡಿಗೆ ತೆರಿಗೆಯೂ ದುಬಾರಿ.

ಹೆಚ್ಚು ಕೊಟ್ಟದ್ದಕ್ಕೆ ಏನು ಸಿಗುತ್ತದೆ?

ಪ್ರೀಮಿಯಂ ಎನ್ನುವುದರಲ್ಲಿ ಮೂರು ಬಗೆ ಇವೆ. ಇದನ್ನು ಬೇರೆ ಬೇರೆ ಮಾಡಿ ನೋಡಿದರೆ ಅರ್ಧ ಗೊಂದಲ ಮುಗಿಯುತ್ತದೆ.

ಮೊದಲನೆಯದು ಹೆಸರು ಮತ್ತು ಬಣ್ಣ. 2022ರ ಜುಲೈನಲ್ಲಿ ಬಿಎಂಡಬ್ಲ್ಯು ಜಿ 310 ಆರ್‌ಆರ್ ಬಂತು. ಅದೂ ನಮ್ಮ ಹೊಸೂರಿನ ಅದೇ ಕಾರ್ಖಾನೆಯದ್ದು, ಅಪಾಚೆಯ ಎಂಜಿನ್ನೇ. ಅದರಲ್ಲಿ ಕಪ್ಪು ಬಣ್ಣದ್ದು 2.85 ಲಕ್ಷ, ಬಿಳಿ-ನೀಲಿ-ಕೆಂಪು ಪಟ್ಟೆಯ 'ಸ್ಟೈಲ್ ಸ್ಪೋರ್ಟ್' 2.99 ಲಕ್ಷ. 14 ಸಾವಿರ ಹೆಚ್ಚು ಕೊಟ್ಟದ್ದು ಪಟ್ಟೆಗೆ! ಇಂಥದ್ದಕ್ಕೆ ಸಾಲ ಮಾಡುವುದು ಮೂರ್ಖತನ ಅಂತ ನೇರವಾಗಿಯೇ ಹೇಳುತ್ತೇನೆ.

ಎರಡನೆಯದು ರೇಸ್ ಟ್ರ್ಯಾಕಿನ ಸಾಮಾನು. ಕ್ವಿಕ್‌ಶಿಫ್ಟರ್ ಇದ್ದರೆ ಕ್ಲಚ್ ಹಿಡಿಯದೆ ಗೇರ್ ಏರಿಸಬಹುದು, ಇಳಿಸಬಹುದು. ಚೆನ್ನಾಗೇ ಇರುತ್ತದೆ. ಆದರೆ ಬೆಳಗ್ಗೆ ಎಂಟು ಗಂಟೆಗೆ ಅತ್ತಿಬೆಲೆ ಟೋಲ್ ಹತ್ತಿರ ಮೊದಲ ಗೇರಿನಲ್ಲಿ ತೆವಳುವವನಿಗೆ ಅದು ಯಾವ ಕೆಲಸಕ್ಕೆ? ಡೈನಮಿಕ್ ಕಿಟ್‌ನಲ್ಲಿ ಸಸ್ಪೆನ್ಷನ್ನನ್ನು ಸವಾರನ ತೂಕಕ್ಕೆ, ರಸ್ತೆಗೆ ತಕ್ಕಂತೆ ಬಿಗಿ ಸಡಿಲ ಮಾಡಿಕೊಳ್ಳಬಹುದು. ಆ ಸ್ಕ್ರೂ ತಿರುಗಿಸುವುದು ಗೊತ್ತಿದ್ದು, ತಿರುಗಿಸುವವನಿಗೆ ಅದು ಸಾರ್ಥಕ. ಕೊಂಡ ದಿನ ಹೇಗಿತ್ತೋ ಮಾರುವ ದಿನವೂ ಹಾಗೇ ಇರುವುದೇ ಹೆಚ್ಚು. ಅದೇ ಕಿಟ್‌ನಲ್ಲಿ ಟೈರಿನ ಗಾಳಿ ತೋರಿಸುವ ವ್ಯವಸ್ಥೆ ಒಳ್ಳೆಯದು. ಆದರೆ ವಾರಕ್ಕೊಮ್ಮೆ ಬಂಕಿನಲ್ಲಿ ಗಾಳಿ ನೋಡಿಸುವ ಅಭ್ಯಾಸ ಇದ್ದರೆ ಅದೂ ಸಾಕು.

ಮೂರನೆಯದು ಮಾತ್ರ ಯೋಚಿಸಬೇಕಾದ್ದು. ಪ್ರೋ ಕಿಟ್‌ನಲ್ಲಿ ಕಾರ್ನರಿಂಗ್ ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್ ಬರುತ್ತವೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕಿಗೂ ಎಬಿಎಸ್ ಕಡ್ಡಾಯ, ಹಾಗಾಗಿ ಬೇಸ್‌ನಲ್ಲೂ ಎಬಿಎಸ್ ಇದ್ದೇ ಇರುತ್ತದೆ. ಆದರೆ ಸಾಮಾನ್ಯ ಎಬಿಎಸ್‌ಗೆ ಗಾಡಿ ವಾಲಿದೆಯೋ ನೆಟ್ಟಗಿದೆಯೋ ಗೊತ್ತಾಗುವುದಿಲ್ಲ. ಕಾರ್ನರಿಂಗ್ ಎಬಿಎಸ್‌ನಲ್ಲಿ ಒಂದು ಸೆನ್ಸರ್ ಗಾಡಿ ಎಷ್ಟು ವಾಲಿದೆ ಎಂದು ಅಳೆದು, ಅದಕ್ಕೆ ತಕ್ಕಷ್ಟೇ ಬ್ರೇಕ್ ಬಿಡುತ್ತದೆ. ಡೆಂಕಣಿಕೋಟೆ ರಸ್ತೆಯ ತಿರುವಿನಲ್ಲಿ ಸಂಜೆಗತ್ತಲಲ್ಲಿ ಎದುರಿಗೆ ಆನೆ ನಿಂತಿದ್ದರೆ ಯಾರಾದರೂ ಗಾಬರಿಯಿಂದ ಬ್ರೇಕ್ ಹಿಂಡುತ್ತಾರೆ. ಅಂಥ ಕ್ಷಣದಲ್ಲಿ ಅದು ಕೈಹಿಡಿಯಬಹುದು. ಹಾಗಂತ ಮಂತ್ರವೇನಲ್ಲ. ಲಾರಿಯಿಂದ ಉದುರಿದ ಜಲ್ಲಿ ಮೇಲೆ ಯಾವ ಎಬಿಎಸ್ ಕೂಡ ಅಷ್ಟಕ್ಕಷ್ಟೇ.

ಈ ಮೂರನೆಯ ಬಗೆಗೆ ಇನ್ನೊಂದು ಗುಣ ಇದೆ: ಆಮೇಲೆ ಹಾಕಿಸಲು ಆಗುವುದಿಲ್ಲ. ಸ್ಟಿಕ್ಕರ್ ಆಮೇಲೆ ಅಂಟಿಸಬಹುದು, ಸೆನ್ಸರ್ ಕಾರ್ಖಾನೆಯಲ್ಲೇ ಬರಬೇಕು. ಆದ್ದರಿಂದ ನನ್ನ ಸೂತ್ರ ಇಷ್ಟೇ. ಆಮೇಲೆ ಹಾಕಿಸಬಹುದಾದ್ದನ್ನು ಈಗ ಬಿಡಿ. ಆಮೇಲೆ ಆಗದ, ಜೀವಕ್ಕೆ ಸಂಬಂಧಪಟ್ಟದ್ದನ್ನು ಕೈಯಲ್ಲಿ ದುಡ್ಡಿದ್ದರೆ ಈಗಲೇ ತಗೊಳ್ಳಿ. ಯಾವ ಕಿಟ್ ಯಾವ ಮಾಡೆಲ್ ಜೊತೆ ಸಿಗುತ್ತದೆ ಎಂದು ಬುಕಿಂಗ್‌ಗೆ ಮೊದಲೇ ಕೇಳಿ ಬರೆಸಿಕೊಳ್ಳಿ.

ಶೋರೂಂನಲ್ಲಿ ಮಾರದ ಪ್ರೀಮಿಯಂ

ಎರಡು ವರ್ಷದ ಹಿಂದೆ ನಮ್ಮ ಬೀದಿಯ ಒಬ್ಬ ಹುಡುಗ ಬಾಗಲೂರು ರಸ್ತೆಯಲ್ಲಿ ಜಾರಿ ಬಿದ್ದ. ಗಾಡಿ ಟಾಪ್ ಮಾಡೆಲ್. ಹೆಲ್ಮೆಟ್ ಟ್ಯಾಂಕ್ ಮೇಲಿತ್ತು, ಅದೂ ರಸ್ತೆಬದಿಯಲ್ಲಿ ಕೊಂಡ ಆರುನೂರರದ್ದು. ಕಂತು ಕಟ್ಟಿ ಕಟ್ಟಿ ಸಾಕಾಗಿ, ಸ್ವಂತ ಗಾಡಿಗೆ ಬರುವ ವಿಮೆಯನ್ನು ಆ ವರ್ಷ ಮುಂದುವರಿಸಿರಲಿಲ್ಲ. ದವಡೆ ಮುರಿದು ನಾಲ್ಕು ತಿಂಗಳು ಮನೆಯಲ್ಲಿದ್ದ. ಗುತ್ತಿಗೆ ಕೆಲಸ ಹೋಯಿತು. ತಾಯಿ ಬಳೆ ಅಡ ಇಟ್ಟರು. ಗಾಡಿ ಷೆಡ್ಡಿನಲ್ಲಿ ಬಿದ್ದಿತ್ತು, ಕಂತು ಮಾತ್ರ ನಡೆಯುತ್ತಲೇ ಇತ್ತು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವನಪ್ಪ ಹೇಳಿದ ಮಾತು ಇವತ್ತಿಗೂ ನೆನಪಿದೆ: "ಐದು ಸಾವಿರದ ಹೆಲ್ಮೆಟ್ ದುಬಾರಿ ಅಂದ್ವಿ ಸ್ವಾಮಿ, ಬಣ್ಣಕ್ಕೆ ಏಳು ಸಾವಿರ ಕೊಟ್ವಿ."

ಐಎಸ್‌ಐ ಗುರುತಿನ ಮುಖ ಪೂರ್ತಿ ಮುಚ್ಚುವ ಒಳ್ಳೆಯ ಹೆಲ್ಮೆಟ್, ಮೊಣಕೈ-ಭುಜಕ್ಕೆ ರಕ್ಷಣೆ ಇರುವ ಜಾಕೆಟ್, ಕೈಗವಸು, ಕಣಕಾಲು ಮುಚ್ಚುವ ಬೂಟು. ಎಲ್ಲ ಸೇರಿ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಆಗುತ್ತದೆ. ಹಿಂದೆ ಕೂರುವವರಿಗೂ ಒಂದು ಹೆಲ್ಮೆಟ್ ಸೇರಿಸಿ. ಥರ್ಡ್ ಪಾರ್ಟಿ ವಿಮೆ ಐದು ವರ್ಷಕ್ಕೆ ಮೊದಲೇ ಕಟ್ಟಿರುತ್ತೇವೆ, ಆದರೆ ಅದು ಎದುರಿನವರಿಗೆ. ನಮ್ಮ ಗಾಡಿಗೆ ಬರುವ ವಿಮೆಯನ್ನು ವರ್ಷ ವರ್ಷ ನವೀಕರಿಸಬೇಕು. ಇವೆಲ್ಲಕ್ಕೂ ದುಡ್ಡು ಎತ್ತಿಟ್ಟ ಮೇಲೆ ಉಳಿದದ್ದರಲ್ಲಿ ಬೈಕಿನ ಮಾಡೆಲ್ ತೀರ್ಮಾನವಾಗಲಿ. ನಮ್ಮಲ್ಲಿ ಇದು ಉಲ್ಟಾ ನಡೆಯುತ್ತಿದೆ.

"ಮಾರುವಾಗ ಟಾಪ್ ಮಾಡೆಲ್‌ಗೆ ಒಳ್ಳೆ ರೇಟ್ ಬರುತ್ತೆ" ಎನ್ನುವ ವಾದವನ್ನೂ ಕೇಳಿದ್ದೇನೆ. ಸ್ವಲ್ಪ ಬರಬಹುದು. ಆದರೆ ಕೊಳ್ಳುವವನು ಮೊದಲು ನೋಡುವುದು ಗಾಡಿ ಬಿದ್ದಿದೆಯಾ, ಎಷ್ಟು ಓಡಿದೆ, ಸರ್ವಿಸ್ ಆಗಿದೆಯಾ ಅಂತ. ಕೊಟ್ಟ 78 ಸಾವಿರ ವಾಪಸ್ ಬರುತ್ತದೆಂದು ನಂಬಬೇಡಿ.

ಹುಡುಗರಿಗೂ ಒಂದು ಮಾತು. ಬೇಸ್ ಮಾಡೆಲ್ ತಗೊಂಡವನು ಕಡಿಮೆಯವನಲ್ಲ. ರಸ್ತೆಯಲ್ಲಿ ನಿಮ್ಮ ಪಕ್ಕದಲ್ಲಿ ಹೋಗುವವನಿಗೆ ನಿಮ್ಮ ಗಾಡಿಯಲ್ಲಿ ಯಾವ ಕಿಟ್ ಇದೆ ಅಂತ ಕಾಣುವುದೂ ಇಲ್ಲ. ಹಾಗೆಯೇ ಅಪ್ಪಂದಿರಿಗೂ ಒಂದು ಮಾತು: ಸುಮ್ಮನೆ "ಬೇಡ" ಅನ್ನಬೇಡಿ. ದಿನಾ ನಲವತ್ತು ಐವತ್ತು ಕಿಲೋಮೀಟರ್ ಹೈವೇಯಲ್ಲಿ ಓಡಾಡುವ ಮಗ ಕಾರ್ನರಿಂಗ್ ಎಬಿಎಸ್ ಬೇಕೆಂದರೆ ಅದು ಶೋಕಿಯಲ್ಲ. ಪಟ್ಟಿ ಹಿಡಿದು ಇಬ್ಬರೂ ಕೂತು, ಒಂದೊಂದರ ಮುಂದೆ "ಇದು ಯಾವ ರಸ್ತೆಯಲ್ಲಿ ಕೆಲಸಕ್ಕೆ ಬರುತ್ತೆ?" ಅಂತ ಬರೆಯಿರಿ.

ಪಕ್ಕದ ಮನೆಯವರು ಹಾಗೇ ಮಾಡಿದರು. ಮೂರು ದಿನ ಮಾತುಕತೆ ನಡೆಯಿತು. ಕೊನೆಗೆ ಬೇಸ್ ಮಾಡೆಲ್ಲೇ ಬಂತು, ಜೊತೆಗೆ ಜಾಕೆಟ್ಟು, ಎರಡು ಹೆಲ್ಮೆಟ್ಟು. ಬೆಟ್ಟದ ಚಂದ್ರಚೂಡೇಶ್ವರನ ಸನ್ನಿಧಿಯಲ್ಲಿ ಪೂಜೆ ಮಾಡಿಸಿ ಮನೆಗೆ ಬಂದಾಗ ಹಿಂದಿನ ಸೀಟಿನಲ್ಲಿ ಅಮ್ಮ ಕೂತಿದ್ದರು, ತಲೆಗೆ ಹೆಲ್ಮೆಟ್ ಇತ್ತು. ಹುಡುಗನ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ.