ಬಪ್ಪನಾಡಿನ ಜಾತ್ರೆಯಲ್ಲಿ ಬ್ಯಾರಿಗೆ ಜಾಗವಿಲ್ಲವೇ?

2022ರ ಮಾರ್ಚ್‌ನಲ್ಲಿ ಕಾಪುವಿನ ಸುಗ್ಗಿ ಮಾರಿಪೂಜೆಯ ಅಂಗಡಿ ಜಾಗದ ಹರಾಜಿನಿಂದ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಡಲಾಯಿತು. ಕೆಲವೇ ದಿನಗಳಲ್ಲಿ ಕರಾವಳಿಯ ಬೇರೆ ಜಾತ್ರೆಗಳಲ್ಲೂ ಅವರಿಗೆ ಜಾಗವಿಲ್ಲವೆಂಬ ಬ್ಯಾನರ್‌ಗಳು ಎದ್ದವು. 2023ರ ನವರಾತ್ರಿಯಲ್ಲಿ ಮಂಗಳೂರಿನ ಮಂಗಳಾದೇವಿ ದೇವಸ್ಥಾನದ ಬಳಿ ಹಿಂದೂಗಳ ಅಂಗಡಿಗಳನ್ನು ಗುರುತಿಸಲು ಕೇಸರಿ ಧ್ವಜ ಕಟ್ಟಲಾಯಿತು. ಇದನ್ನು ಸರಿ ಎನ್ನುವವರೆಲ್ಲ ದ್ವೇಷಿಗಳೆಂದು ನಾನು ಹೇಳುವುದಿಲ್ಲ. ನಮ್ಮ ನೆಂಟರಿಷ್ಟರಲ್ಲಿ, ನೆರೆಹೊರೆಯಲ್ಲಿ ಈ ಮಾತಾಡುವವರಿದ್ದಾರೆ. ಅವರು ಕೊಡುವ ಕಾರಣಗಳನ್ನೇ ಎತ್ತಿಕೊಂಡು ಉತ್ತರಿಸುತ್ತೇನೆ.

ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುವ ವಾದ, ‘ಇದು ಕಾನೂನಿನಲ್ಲೇ ಇದೆ’ ಎಂಬುದು. ಇದೆ ನಿಜ. ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ 1997ರ ಅಧಿನಿಯಮದ ಅಡಿ 2002ರಲ್ಲಿ ರೂಪಿಸಿದ ನಿಯಮಗಳಲ್ಲಿ 31ನೆಯದರ 12ನೇ ಉಪನಿಯಮ, ಸಂಸ್ಥೆಯ ಸಮೀಪದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದು ಎನ್ನುತ್ತದೆ. 2022ರಲ್ಲಿ ಕಾನೂನು ಸಚಿವರಾಗಿದ್ದ ಜೆ.ಸಿ. ಮಾಧುಸ್ವಾಮಿ ವಿಧಾನಸಭೆಯಲ್ಲಿ ಇದನ್ನೇ ಮುಂದಿಟ್ಟರು. ಆದರೆ ಆ ನಿಯಮ ಮಾತಾಡುವುದು ದೇವಸ್ಥಾನದ ಸ್ಥಿರಾಸ್ತಿಯ ಗುತ್ತಿಗೆಯ ಬಗ್ಗೆ. ವರ್ಷಗಟ್ಟಲೆ ಕರಾರಿನ ಮೇಲೆ ಕೊಡುವ ಮಳಿಗೆ ಬೇರೆ, ಎರಡು ದಿನ ತಾಡಪಾಲು ಕಟ್ಟಿ ಬಳೆ ಹರವಿಕೊಳ್ಳಲು ಸಿಗುವ ಆರಡಿ ಜಾಗ ಬೇರೆ. ಜಾತ್ರೆಗೆ ಬರುವ ವ್ಯಾಪಾರಿ ನೆಲದ ಮೇಲೆ ಯಾವ ಹಕ್ಕನ್ನೂ ಪಡೆಯುವುದಿಲ್ಲ. ಕೂತು ಮಾರಲು ಅನುಮತಿ ಪಡೆಯುತ್ತಾನೆ, ಅಷ್ಟೇ. 1882ರಷ್ಟು ಹಿಂದೆಯೇ ನಮ್ಮ ಕಾಯ್ದೆಗಳು ಗುತ್ತಿಗೆಯನ್ನೂ ಪರವಾನಗಿಯನ್ನೂ ಬೇರೆಬೇರೆ ಎಂದು ವಿವರಿಸಿವೆ. ಇನ್ನು ರಸ್ತೆ ಬದಿ. ಅದು ಪಂಚಾಯಿತಿಯದ್ದೋ ಪುರಸಭೆಯದ್ದೋ ಹೊರತು ದೇವಸ್ಥಾನದ್ದಲ್ಲ. ಆವರಣದ ಹೊರಗೆ ಹೀಗಾಗಿದ್ದರೆ ಸರಿಪಡಿಸುತ್ತೇವೆ ಎಂದು ಅದೇ ಸಚಿವರು ಅದೇ ಚರ್ಚೆಯಲ್ಲಿ ಹೇಳಿದ್ದನ್ನು ಬ್ಯಾನರ್ ಕಟ್ಟುವವರು ನೆನೆಯುವುದಿಲ್ಲ.

ಈ ನಿಯಮ ಬಂದದ್ದು ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಎಂದು ಕೆಲವರು ಗೆದ್ದವರಂತೆ ಹೇಳುತ್ತಾರೆ. ಹೌದು, ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಬಂತು. ಯಾರು ತಂದರೂ ತಪ್ಪು ತಪ್ಪೇ. ಧರ್ಮದ ಆಧಾರದ ಮೇಲೆ ಪ್ರಭುತ್ವ ತಾರತಮ್ಯ ಮಾಡಬಾರದೆನ್ನುವ ಸಂವಿಧಾನದ 15ನೇ ವಿಧಿಯ ಎದುರು ಈ ಉಪನಿಯಮ ನಿಲ್ಲಬಲ್ಲದೇ ಎಂಬುದನ್ನೂ ಕೇಳಲೇಬೇಕು. ಪಕ್ಷದ ಗೆರೆಯೂ ಇಲ್ಲಿ ಅಷ್ಟು ನೇರವಾಗಿಲ್ಲ. 2022ರಲ್ಲಿ ಈ ನಿಷೇಧವನ್ನು ಬಹಿರಂಗವಾಗಿ ವಿರೋಧಿಸಿದವರಲ್ಲಿ ಆಡಳಿತದಲ್ಲಿದ್ದ ಬಿಜೆಪಿಯವರೇ ಆದ ಎ.ಎಚ್. ವಿಶ್ವನಾಥ್ ಮತ್ತು ಅನಿಲ್ ಬೆನಕೆ ಇದ್ದರು.

‘ದೇವಸ್ಥಾನ ನಮ್ಮದು, ಯಾರಿಗೆ ಜಾಗ ಕೊಡಬೇಕೆಂಬುದು ನಮ್ಮ ಇಷ್ಟ’ ಎನ್ನುವವರಿಗೆ ಉತ್ತರ ಉಡುಪಿಯಿಂದಲೇ ಬಂದಿದೆ. ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1954ರಲ್ಲೇ ಗೆರೆ ಎಳೆಯಿತು: ಪೂಜೆ, ವಿಧಿ, ಆಚರಣೆಗಳಲ್ಲಿ ಮಠಕ್ಕೆ ಸ್ವಾತಂತ್ರ್ಯ, ಆಸ್ತಿಯ ಆಡಳಿತ ಮಾತ್ರ ಕಾನೂನಿಗೆ ಒಳಪಟ್ಟದ್ದು. ಗರ್ಭಗುಡಿಯಲ್ಲಿ ಯಾವ ಪೂಜೆ ಹೇಗೆ ನಡೆಯಬೇಕೆಂದು ಯಾವ ಬಳೆ ವ್ಯಾಪಾರಿಯೂ ಕೇಳಿಲ್ಲ. ಕೇಳಿದ್ದು ಹೊರಗಿನ ಬಯಲಿನಲ್ಲಿ ಒಂದು ಜಾಗ, ಅದೂ ಹರಾಜಿನಲ್ಲಿ ದುಡ್ಡು ಕೊಟ್ಟು. ಹರಾಜು ಕೂಗುವವರು ಕಡಿಮೆಯಾದರೆ ದೇವರ ಹುಂಡಿಗೇ ನಷ್ಟ ಎನ್ನುವುದು ಯಾವ ವ್ಯವಸ್ಥಾಪನಾ ಸಮಿತಿಗೂ ಗೊತ್ತಿರುವ ಲೆಕ್ಕ.

‘ಅವರೇ ಮೊದಲು ಅಂಗಡಿ ಮುಚ್ಚಿದರು’ ಎಂಬ ಮಾತಿಗೆ ಬರುತ್ತೇನೆ. ಹಿಜಾಬ್ ಕುರಿತು ಹೈಕೋರ್ಟ್ ತೀರ್ಪು ಬಂದದ್ದು 2022ರ ಮಾರ್ಚ್ 15ರಂದು. ಅದನ್ನು ಒಪ್ಪದ ಮುಸ್ಲಿಂ ವರ್ತಕರು 17ರಂದು ಬಂದ್ ಮಾಡಿದರು. ನ್ಯಾಯಾಲಯವನ್ನು ಗೌರವಿಸದವರಿಗೆ ನಮ್ಮ ಜಾತ್ರೆಯಲ್ಲೇನು ಕೆಲಸ ಎಂಬ ಕೋಪ ಅಲ್ಲಿಂದ ಹುಟ್ಟಿತು. ತೀರ್ಪನ್ನು ಒಪ್ಪದೆ ಒಂದು ದಿನ ತನ್ನದೇ ಅಂಗಡಿಯ ಬಾಗಿಲು ಹಾಕಿಕೊಳ್ಳುವುದು ಶಾಂತಿಯುತ ಪ್ರತಿಭಟನೆ. ಕಾವೇರಿ ತೀರ್ಪುಗಳ ವಿರುದ್ಧ ಮಂಡ್ಯ, ಬೆಂಗಳೂರುಗಳಲ್ಲಿ ನಾವೆಲ್ಲ ಎಷ್ಟು ಬಂದ್ ಕಂಡಿಲ್ಲ! ಆ ಬಂದ್‌ಗಳಿಗಾಗಿ ಯಾರ ಹೊಟ್ಟೆಪಾಡನ್ನೂ ಯಾರೂ ಕಿತ್ತುಕೊಳ್ಳಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಂದ್‌ಗೆ ಕರೆ ಕೊಟ್ಟವರು ಯಾರೋ, ಜಾತ್ರೆಯಲ್ಲಿ ಪೀಪಿ ಮಾರುವವನು ಯಾರೋ. ಒಬ್ಬನ ಮಾತಿಗೆ ಅವನ ಧರ್ಮದವರೆಲ್ಲ ದಂಡ ತೆರಬೇಕೆನ್ನುವ ನ್ಯಾಯವನ್ನು ನಾವು ನಮಗೆ ಅನ್ವಯಿಸಿಕೊಳ್ಳಲು ಒಪ್ಪುತ್ತೇವೆಯೇ?

ಈ ಕೋಪ ಎಲ್ಲಿಗೆ ಮುಟ್ಟುತ್ತದೆಂಬುದು 2022ರ ಏಪ್ರಿಲ್ 9ರ ಶನಿವಾರ ಧಾರವಾಡದ ಬಳಿಯ ನುಗ್ಗಿಕೇರಿ ಹನುಮಂತನ ಗುಡಿಯ ಎದುರು ಕಂಡಿತು. ವರ್ಷಗಳಿಂದ ಅಲ್ಲೇ ಕೂತು ಮಾರುತ್ತಿದ್ದ ಮುಸ್ಲಿಂ ವ್ಯಾಪಾರಿಯ ಕಲ್ಲಂಗಡಿಗಳನ್ನು ಎತ್ತಿ ಎತ್ತಿ ನೆಲಕ್ಕೆ ಒಡೆದರು. ಬೇಸಿಗೆಯ ಬಿಸಿಲಲ್ಲಿ ಹನುಮಪ್ಪನಿಗೆ ಕೈಮುಗಿದು ಬಂದವರು ತಿನ್ನಬೇಕಿದ್ದ ಹಣ್ಣು ಮಣ್ಣುಪಾಲಾಯಿತು. ಆ ವ್ಯಾಪಾರಿ ಯಾವ ತೀರ್ಪನ್ನು ವಿರೋಧಿಸಿದ್ದ, ಯಾರ ದೇವರನ್ನು ನಿಂದಿಸಿದ್ದ? ಆ ದೃಶ್ಯ ನೋಡಿದಾಗ ನನಗೆ ಬಂದ ಸಂಕಟ ಇಂದಿಗೂ ಇಳಿದಿಲ್ಲ.

‘ಅವರ ಉರುಸಿನಲ್ಲಿ ನಮಗೆ ಜಾಗ ಕೊಡುತ್ತಾರೆಯೇ’ ಎಂದು ಕೇಳುವವರು ಕಲಬುರಗಿಯ ಬಂದೇ ನವಾಜ್ ಉರುಸಿಗೆ ಒಮ್ಮೆ ಹೋಗಿಬರಲಿ. ಎಲ್ಲಾದರೂ ಯಾವುದಾದರೂ ದರ್ಗಾ ಸಮಿತಿ ಹಿಂದೂ ವ್ಯಾಪಾರಿಯನ್ನು ಹೊರಗಟ್ಟಿದರೆ ಅದೂ ಇಷ್ಟೇ ತಪ್ಪು. ಅದನ್ನೂ ಇಷ್ಟೇ ಗಟ್ಟಿಯಾಗಿ ಖಂಡಿಸುತ್ತೇನೆ.

ಕೊನೆಯದು ಸಂಪ್ರದಾಯದ ವಾದ: ಜಾತ್ರೆ ನಮ್ಮ ಶ್ರದ್ಧೆಯದು, ಅನ್ಯರು ಬಂದರೆ ಅದರ ಪಾವಿತ್ರ್ಯ ಕೆಡುತ್ತದೆ. ಸಂಪ್ರದಾಯವನ್ನೇ ಕೇಳೋಣ. ಮುಲ್ಕಿಯ ಶಾಂಭವಿ ನದಿಯ ದಡದ ಬಪ್ಪನಾಡು ದುರ್ಗಾಪರಮೇಶ್ವರಿಯ ಸ್ಥಳಪುರಾಣದಲ್ಲಿ ಗುಡಿ ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ. ಊರಿಗೆ ಹೆಸರೇ ಅವನಿಂದ ಬಂತೆನ್ನುತ್ತಾರೆ. ಜಾತ್ರೆಯಲ್ಲಿ ಅವನ ಮನೆತನಕ್ಕೆ ಗೌರವದ ಪ್ರಸಾದ ಸಲ್ಲುತ್ತದೆ. ನಿಷೇಧದ ಬ್ಯಾನರ್ 2022ರಲ್ಲಿ ಈ ಜಾತ್ರೆಯಲ್ಲೂ ಎದ್ದಿತು! ಕಾಪುವಿನ ದೇವಸ್ಥಾನಗಳಲ್ಲಿ ತಲೆಮಾರುಗಳಿಂದ ನಾಗಸ್ವರ ನುಡಿಸುತ್ತ ಬಂದದ್ದು ಒಂದು ಮುಸ್ಲಿಂ ಕುಟುಂಬ. ದೇವರ ಮುಂದೆ ಅವರ ಉಸಿರು ನಾದವಾಗಬಹುದಾದರೆ, ಹೊರಗೆ ಅವರ ಬಂಧುಗಳು ಮಾರುವ ಮಲ್ಲಿಗೆಯ ಚೆಂಡಿಗೆ ಮೈಲಿಗೆ ಎಲ್ಲಿಂದ ಬಂತು? ಆ ಮಲ್ಲಿಗೆಯನ್ನು ಶಂಕರಪುರದ ತೋಟಗಳಲ್ಲಿ ಬೆಳೆಯುವವರಲ್ಲಿ ಕ್ರೈಸ್ತರು ಬಹಳ ಜನ. ಅದೇ 2022ರಲ್ಲಿ ಬೇಲೂರು ಚೆನ್ನಕೇಶವನ ರಥೋತ್ಸವದಲ್ಲಿ ಕುರಾನ್ ಪಠಣಕ್ಕೆ ಮುಜರಾಯಿ ಇಲಾಖೆ ಎಂದಿನಂತೆ ಅನುಮತಿ ಕೊಟ್ಟಿತು. ಬೆಂಗಳೂರಿನ ಕರಗ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಎಂದಿನಂತೆ ಹೋಗಿಬಂತು. ಸಂಪ್ರದಾಯ ಮುರಿಯುತ್ತಿರುವವರು ಬಯಲಲ್ಲಿ ಬಳೆ ಮಾರುವವರಲ್ಲ.

ಆಗಬೇಕಾದ್ದು ದೊಡ್ಡದೇನಲ್ಲ. 31(12)ನೇ ಉಪನಿಯಮವನ್ನು ಸರ್ಕಾರ ತೆಗೆದುಹಾಕಬೇಕು. ಅಲ್ಲಿಯವರೆಗೆ ಅದು ಜಾತ್ರೆಯ ತಾತ್ಕಾಲಿಕ ಅಂಗಡಿಗಳಿಗೂ ರಸ್ತೆ ಬದಿಗೂ ತಾಗುವುದಿಲ್ಲವೆಂದು ಮುಜರಾಯಿ ಇಲಾಖೆ ಪ್ರತಿ ದೇವಸ್ಥಾನಕ್ಕೂ ಬರಹದಲ್ಲಿ ತಿಳಿಸಬೇಕು. ಹರಾಜಿನ ಪ್ರಕಟಣೆಯಲ್ಲಿ ಠೇವಣಿ, ಶುಚಿತ್ವ, ಬೆಂಕಿಯ ಎಚ್ಚರಿಕೆಗಳ ಷರತ್ತು ಎಷ್ಟಾದರೂ ಇರಲಿ, ಧರ್ಮದ್ದು ಬೇಡ. ವ್ಯಾಪಾರಿಯನ್ನು ಹೆದರಿಸುವ ಬ್ಯಾನರ್ ಕಂಡಲ್ಲಿ, ದೂರು ಬರಲಿ ಎಂದು ಕಾಯದೆ ಪೊಲೀಸರೇ ಅದನ್ನು ಇಳಿಸಿ ಪ್ರಕರಣ ದಾಖಲಿಸಬೇಕು. ಜಾತ್ರೆ ಮುಗಿದ ಮೇಲಲ್ಲ, ಕೊಡಿ ಏರುವ ಮೊದಲೇ.