ಒಂದು ಮನೆ, ಒಂದು ಪಿನ್‌ಕೋಡ್

"ಚಿಕ್ಕಪ್ಪ, ನಂಗೆ ಮ್ಯಾಥ್ಸ್ ಬೇಡ. ಕಾಮರ್ಸ್‌ಗೆ ಹೋಗ್ತೀನಿ."

ಮೊದಲ ಪಿಯುಸಿ ಓದುವ ಅಣ್ಣನ ಮಗಳ ಕಣ್ಣಲ್ಲಿ ನೀರು. ಕಾಡಿದ್ದು ರಿಲೇಶನ್ಸ್, ಫಂಕ್ಷನ್ಸ್ ಪಾಠ.

"ನಮ್ಮ ಲಷ್ಕರ್ ಮೊಹಲ್ಲಾ ಮನೆ ಪಿನ್‌ಕೋಡ್ ಎಷ್ಟು?"

"570001."

"ಸಂತ ಫಿಲೋಮಿನಾ ಚರ್ಚ್‌ದು?"

"ಅದೇ."

ಪ್ರತಿ ವಿಳಾಸಕ್ಕೂ ಪಿನ್ ಉಂಟು, ಅದೂ ಒಂದೇ. ಹಾಗಿದ್ದರೆ ಫಂಕ್ಷನ್. ಎರಡು ವಿಳಾಸಕ್ಕೆ ಒಂದೇ ಪಿನ್ ಇದ್ದರೂ ತಪ್ಪಿಲ್ಲ. ಈಗ ತಿರುಗಿಸಿ ಕೇಳಿದೆ: "570001 ಅಂದ್ರೆ ಯಾವ ಮನೆ?"

"ನೂರಾರು ಇವೆಯಲ್ಲ!"

"ಅದಕ್ಕೇ ಅದು ಬರೀ ರಿಲೇಶನ್."

ಕಣ್ಣೊರೆಸಿಕೊಂಡಳು. "2ರ ವರ್ಗ 4, -2ರ ವರ್ಗವೂ 4. ವರ್ಗ ಮಾಡೋದು ಫಂಕ್ಷನ್, ತಿರುಗಿಸಿದ್ರೆ ಅಲ್ಲ. ಅಷ್ಟೇನಾ?"

ಅಷ್ಟೇ. ಕಾಮರ್ಸ್ ಇಷ್ಟವಾದರೆ ಹೋಗಲಿ. ಗಣಿತಕ್ಕೆ ಹೆದರಿ ಹೋಗುವುದು ಬೇಡ.