ಓಟದಲ್ಲಿ ಕೊನೆಗೆ ಬರುವ ಮಗುವಿಗೂ ಆಟದ ಪಿರಿಯಡ್ ಬೇಕು

ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿ ಹೋಬಳಿ ಕೇಂದ್ರ. ಸುತ್ತಲಿನ ಶಾಲೆಗಳಿಗೆ ಕ್ರೀಡೆ ಎಂದರೆ ಮುಖ್ಯವಾಗಿ ಹೋಬಳಿ ಮಟ್ಟದ ಕ್ರೀಡಾಕೂಟ. ಅಲ್ಲಿ ಗೆದ್ದವರು ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗ, ರಾಜ್ಯ. ಹಂತಹಂತಕ್ಕೂ ಜರಡಿ ಹಿಡಿಯುವ ಈ ಏರ್ಪಾಡು ಪ್ರತಿಭೆ ಹುಡುಕಲು ಸರಿಯೇ. ತಕರಾರಿರುವುದು ಜರಡಿಯಲ್ಲಿ ನಿಲ್ಲದವರ ಬಗ್ಗೆ. ಖೋ-ಖೋ ತಂಡಕ್ಕೆ ಆಯ್ಕೆಯಾಗದವನು, ಮೈ ತುಸು ಭಾರವಾದವನು, ದೊಡ್ಡವಳಾದ ಮೇಲೆ ಮೈದಾನದಿಂದ ಸರಿದು ನಿಂತ ಹುಡುಗಿ: ವ್ಯಾಯಾಮ ಹೆಚ್ಚು ಬೇಕಿರುವುದು ಇವರಿಗೇ. ಕ್ರೀಡಾಕೂಟದಲ್ಲಿ ಇವರ ಪಾಲಿಗೆ ಬರುವುದು ಚಪ್ಪಾಳೆ ತಟ್ಟುವ ಕೆಲಸ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಚುರುಕಾಗಿ ಮೈ ದಂಡಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಅದಕ್ಕೂ ಒಂದು ವರ್ಷ ಮೊದಲು ಬಂದ ಅದೇ ಸಂಸ್ಥೆಯ ಅಧ್ಯಯನ, ಜಗತ್ತಿನ 11ರಿಂದ 17 ವರ್ಷದವರಲ್ಲಿ ಶೇ 81ರಷ್ಟು ಮಂದಿ ಇಷ್ಟೂ ಮಾಡುತ್ತಿಲ್ಲ ಎಂದಿತ್ತು. ಹುಡುಗಿಯರ ಸ್ಥಿತಿ ಹುಡುಗರಿಗಿಂತ ಕೆಟ್ಟದಾಗಿತ್ತು.

ಅದೆಲ್ಲ ಪಟ್ಟಣದ ಕಾಯಿಲೆ, ತೋಟ-ಗದ್ದೆಯ ನಡುವೆ ಬೆಳೆಯುವ ಮಕ್ಕಳಿಗೇನು ಎಂದು ಕೇಳುವವರಿದ್ದಾರೆ. ಆದರೆ ನಡೆದು ಶಾಲೆಗೆ ಹೋಗುತ್ತಿದ್ದ ಮಕ್ಕಳು ಈಗ ವ್ಯಾನ್ ಹತ್ತುತ್ತಾರೆ. ಸಂಜೆ ಟ್ಯೂಷನ್, ಆಮೇಲೆ ಮೊಬೈಲು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿದ್ದು ಶಾಲೆ ಬಿಡುವುದನ್ನು ತಪ್ಪಿಸಲು. ದಿನಾ ಪೆಡಲ್ ತುಳಿಸಿದ ಆ ಯೋಜನೆ ಯಾರೂ ಹೆಸರಿಡದೆಯೇ ರಾಜ್ಯದ ಬಹುದೊಡ್ಡ ದೈಹಿಕ ಶಿಕ್ಷಣ ಕಾರ್ಯಕ್ರಮವಾಗಿತ್ತು. ಕೋವಿಡ್ ಬಂದಾಗ ನಿಂತುಹೋಯಿತು.

ಇನ್ನು ಶಾಲೆಯೊಳಗಿನ ಮಾತು. ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಮಗು ಹಾಡುತ್ತ, ಆಡುತ್ತ, ಓಡಾಡುತ್ತ ಕಲಿಯುತ್ತದೆ. ನಾಲ್ಕಕ್ಕೆ ಬಂದ ಕೂಡಲೇ ಬೆಂಚು. ಹತ್ತನೇ ತರಗತಿಯ ಹೊತ್ತಿಗೆ ಆಟದ ಪಿರಿಯಡ್ಡನ್ನು ಗಣಿತದ ಮೇಷ್ಟ್ರು ಕೇಳಿ ಪಡೆಯುತ್ತಾರೆ, ಮುಖ್ಯ ಶಿಕ್ಷಕರು ತಲೆಯಾಡಿಸುತ್ತಾರೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ದೈಹಿಕ ಶಿಕ್ಷಣದ ಪಾಲು ಒಂದೂ ಇಲ್ಲದಿರುವಾಗ ಅವರನ್ನಷ್ಟೇ ದೂರಿ ಫಲವಿಲ್ಲ. ಪಿಟಿ ಮೇಷ್ಟ್ರು ಇದ್ದ ಕಡೆಯೂ ಪ್ರಾರ್ಥನೆ, ಶಿಸ್ತು, ಧ್ವಜಾರೋಹಣದ ತಯಾರಿಯಲ್ಲೇ ಅವರ ಸಮಯ ಕರಗುತ್ತದೆ.

ಪಿಟಿ ಮೇಷ್ಟ್ರೇ ಇರದ ಶಾಲೆಗಳ ಕಥೆ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ, ಆಟದ ಸಾಮಗ್ರಿ ಇರಬೇಕು ಎನ್ನುತ್ತದೆ. ಆರರಿಂದ ಎಂಟನೇ ತರಗತಿಯಲ್ಲಿ ಮಕ್ಕಳ ಸಂಖ್ಯೆ 100 ದಾಟಿದರೆ ಮಾತ್ರ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು. ಕೆಮ್ಮಣ್ಣುಗುಂಡಿ ತಪ್ಪಲಿನ ಚಿಕ್ಕ ಚಿಕ್ಕ ಊರುಗಳ ಶಾಲೆಗಳು ಆ ನೂರನ್ನು ಎಲ್ಲಿಂದ ತರಬೇಕು? ದಿಲ್ಲಿಯಲ್ಲಿ ಬರೆದ ಅಂಕಿ ಮಲೆನಾಡಿನ ಅಂಚಿಗೆ ಒಗ್ಗುವುದಿಲ್ಲ.

ದಾರಿ ಇಲ್ಲದಿಲ್ಲ. ಒಂದು ಕ್ಲಸ್ಟರಿನ ಚಿಕ್ಕ ಶಾಲೆಗಳೆಲ್ಲ ಸೇರಿ ಒಬ್ಬ ಶಿಕ್ಷಕರನ್ನು ಹಂಚಿಕೊಳ್ಳಲಿ. ವಾರದಲ್ಲಿ ಒಂದೊಂದು ದಿನ ಒಂದೊಂದು ಶಾಲೆ. ಉಳಿದ ದಿನಗಳ ಆಟವನ್ನು ಅವರೇ ತರಗತಿ ಶಿಕ್ಷಕರಿಗೆ ಹೇಳಿಕೊಡಲಿ. ಹತ್ತಿರದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ವಿಭಾಗವೇ ಇದೆ. ಅಲ್ಲಿನ ವಿದ್ಯಾರ್ಥಿಗಳು ಬೋಧನಾ ಅಭ್ಯಾಸಕ್ಕೆ ಈ ಶಾಲೆಗಳಿಗೆ ಬರಬಹುದು. ಮಳೆಗಾಲದಲ್ಲಿ ಇಲ್ಲಿನ ಮೈದಾನ ಕೆಸರುಗದ್ದೆ, ನಿಜ. ಸೂರ್ಯ ನಮಸ್ಕಾರಕ್ಕೆ, ಸ್ಕಿಪ್ಪಿಂಗ್‌ಗೆ, ಕುಂಟೆಬಿಲ್ಲೆಗೆ ಜಗಲಿ ಸಾಕು. ಗೆಲ್ಲುವುದಕ್ಕಿಂತ, ಜೂನ್‌ನಲ್ಲಿ ಹತ್ತು ಸಲ ಸ್ಕಿಪ್ ಮಾಡುತ್ತಿದ್ದ ಮಗು ಜನವರಿಗೆ ಎಷ್ಟು ಮಾಡುತ್ತಿದೆ ಎಂದು ಬರೆದಿಟ್ಟರೆ ಅದೇ ಮೌಲ್ಯಮಾಪನ.

ಹೀಗೆ ಮಾಡಿದರೆ ಪ್ರತಿಭೆಗೇನೂ ನಷ್ಟವಿಲ್ಲ. ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಗಳಲ್ಲಿ 70 ರನ್ ಬಾರಿಸಿದರು. ಕ್ರಿಕೆಟ್ ಕಲಿಯಲು ಅವರು ಬಾಲ್ಯದಲ್ಲೇ ಬೆಂಗಳೂರಿಗೆ ಹೋಗಬೇಕಾಯಿತು. ಹಾಗೆ ಊರು ಬಿಡಲಾಗದ ಮಕ್ಕಳೇ ಹೆಚ್ಚು; ಅವರ ಪ್ರತಿಭೆ ಕಣ್ಣಿಗೆ ಬೀಳಬೇಕಾದರೆ ಊರಿನ ಶಾಲೆಯಲ್ಲೇ ಆಟ ನಡೆಯಬೇಕು.

ಲಿಂಗದಹಳ್ಳಿ ಸುತ್ತಲಿನ ಪೋಷಕರು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಶೌಚಾಲಯ, ಬಿಸಿಯೂಟದ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಲಿ: ವೇಳಾಪಟ್ಟಿಯಲ್ಲಿರುವ ಆಟದ ಪಿರಿಯಡ್ ಕಳೆದ ತಿಂಗಳು ಎಷ್ಟು ಸಲ ನಡೆಯಿತು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಲಿ.